ಎಚ್ಚರಿಕೆಯ ಖರ್ಚು ಯಾರ ತಲೆಯ ಮೇಲೆ?

2025ರ ಜನವರಿ ಮೊದಲ ವಾರದಲ್ಲಿ ಬೆಂಗಳೂರಿನ ಎರಡು ಹಸುಗೂಸುಗಳಲ್ಲಿ ಎಚ್‌ಎಂಪಿವಿ ಸೋಂಕು ಕಂಡುಬಂದಿದೆ ಎಂಬ ಸುದ್ದಿ ಬಂತು. ಇದು ಹೊಸ ವೈರಸ್ ಅಲ್ಲ, 2001ರಲ್ಲೇ ಗುರುತಿಸಿದ್ದು, ಗಾಬರಿ ಬೇಡ ಎಂದು ವೈದ್ಯರು ಹೇಳಿ ಮುಗಿಸುವ ಹೊತ್ತಿಗೆ ಜನ ಆಗಲೇ ಎರಡು ಪಂಗಡವಾಗಿದ್ದರು. ಕೆಲವರು ಬೀರುವಿನ ಮೂಲೆಯಿಂದ ಹಳೆಯ ಮಾಸ್ಕ್ ಹೊರತೆಗೆದರು. ಇನ್ನು ಕೆಲವರು ‘ಮತ್ತೆ ಶುರುವಾಯ್ತಾ ಈ ನಾಟಕ’ ಎಂದು ನಕ್ಕರು. ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ನಡೆದ ಜಗಳದ ಮುಂದುವರಿದ ಭಾಗವಿದು. ಮಾಸ್ಕ್ ಹಾಕಿದವರ ಕಣ್ಣಿಗೆ ಹಾಕದವರು ಬೇಜವಾಬ್ದಾರಿಗಳು, ಹಾಕದವರ ಕಣ್ಣಿಗೆ ಹಾಕಿದವರು ಪುಕ್ಕಲರು. ಅಪಾಯದ ಎದುರು ಒಬ್ಬೊಬ್ಬರು ಒಂದೊಂದು ರೀತಿ ನಡೆದುಕೊಳ್ಳುವುದನ್ನು ನಾವು ಈಗಲೂ ಅವರವರ ಗುಣದ ಪ್ರಶ್ನೆಯಾಗಿಯೇ ನೋಡುತ್ತಿದ್ದೇವೆ. ನನ್ನ ವಾದ ಬೇರೆ. ಎಚ್ಚರಿಕೆಗೆ ಒಂದು ಖರ್ಚು ಇದೆ, ಆ ಖರ್ಚು ಎಲ್ಲರಿಗೂ ಒಂದೇ ಅಲ್ಲ. ಯಾರು ಎಷ್ಟು ಎಚ್ಚರದಿಂದ ಇದ್ದರು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಆ ಖರ್ಚೇ. ಮುಂದಿನ ಸಾಂಕ್ರಾಮಿಕಕ್ಕೆ ಸಿದ್ಧರಾಗಬೇಕಾದರೆ ಜನರಿಗೆ ಬುದ್ಧಿ ಹೇಳುವ ಮೊದಲು ಆ ಖರ್ಚನ್ನು ಇಳಿಸಬೇಕು.

ಕೈಗೆಟುಕುವ ಲೆಕ್ಕದಿಂದಲೇ ಆರಂಭಿಸೋಣ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಮಾಸ್ಕ್ ಮತ್ತು ಸ್ಯಾನಿಟೈಜರ್‌ಗಳನ್ನು ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿ, ಮೂರು ಪದರದ ಮಾಸ್ಕಿಗೆ 10 ರೂಪಾಯಿಯ ಮಿತಿ ಹಾಕಿತು. ಅದು ಒಮ್ಮೆ ಬಳಸಿ ಬಿಸಾಡಬೇಕಾದ ಮಾಸ್ಕ್. ದಿನಕ್ಕೆ ಒಂದರಂತೆ ನಾಲ್ಕು ಜನರ ಮನೆಗೆ ತಿಂಗಳಿಗೆ 1,200 ರೂಪಾಯಿ ಆಯಿತು. ಆ ವರ್ಷ ರಾಜ್ಯದಲ್ಲಿ ಉದ್ಯೋಗ ಖಾತರಿ ಕೂಲಿ ದಿನಕ್ಕೆ 275 ರೂಪಾಯಿ ಇತ್ತು. ಅಂದರೆ ನಾಲ್ಕು ದಿನಕ್ಕೂ ಮೀರಿದ ದುಡಿಮೆ ಮಾಸ್ಕಿಗೇ ಹೋಗಬೇಕು. ಒಂದೇ ಮಾಸ್ಕನ್ನು ಒಗೆದು, ಹಗ್ಗದ ಮೇಲೆ ಒಣಹಾಕಿ, ಕಿವಿಯ ಎಲಾಸ್ಟಿಕ್ ಜೋತುಬಿದ್ದರೆ ಗಂಟು ಬಿಗಿದು ವಾರಗಟ್ಟಲೆ ಹಾಕಿಕೊಂಡವರನ್ನು ತಿಳಿವಳಿಕೆ ಇಲ್ಲದವರು ಎನ್ನುವ ಮುನ್ನ ಈ ಲೆಕ್ಕ ಹಾಕಬೇಕಿತ್ತು. ಮುನ್ನೆಚ್ಚರಿಕೆಗಳಲ್ಲೆಲ್ಲ ಅಗ್ಗದ್ದು ಮಾಸ್ಕ್. ಅಂತರ ಕಾಯ್ದುಕೊಳ್ಳಲು ಜಾಗ ಬೇಕು, ಪ್ರತ್ಯೇಕವಾಗಿ ಇರಲು ಕೋಣೆ ಬೇಕು. 2020ರ ಜುಲೈನಲ್ಲಿ ಮುಂಬೈನ ಮೂರು ವಾರ್ಡುಗಳಲ್ಲಿ ನಡೆದ ರಕ್ತ ಪರೀಕ್ಷೆಯ ಸಮೀಕ್ಷೆ ಇದನ್ನು ಅಂಕಿಗಳಲ್ಲೇ ತೋರಿಸಿತು. ಕೊಳೆಗೇರಿಗಳಲ್ಲಿ ಶೇ 57ರಷ್ಟು ಜನರಲ್ಲಿ ಸೋಂಕು ತಗಲಿದ್ದ ಕುರುಹು ಸಿಕ್ಕರೆ, ಅದೇ ವಾರ್ಡುಗಳ ಉಳಿದ ವಸತಿಗಳಲ್ಲಿ ಸಿಕ್ಕಿದ್ದು ಶೇ 16ರಷ್ಟು ಜನರಲ್ಲಿ. ಒಂದೇ ನಗರ, ಒಂದೇ ಕಾಲ, ಟಿ.ವಿ.ಯಲ್ಲಿ ಕೇಳಿದ್ದೂ ಒಂದೇ ಸಲಹೆ. ಹತ್ತಾರು ಮನೆಗೆ ಒಂದೇ ಶೌಚಾಲಯ ಇರುವ ಕಡೆ ಬೆಳಿಗ್ಗೆ ಸಾಲಿನಲ್ಲಿ ನಿಲ್ಲುವವರ ನಡುವೆ ಆರು ಅಡಿ ಅಂತರ ಇರಲು ಹೇಗೆ ಸಾಧ್ಯ?

ಎರಡನೆಯ ಖರ್ಚು ಕೂಲಿಯದು. ‘ಜ್ವರ, ಕೆಮ್ಮು ಇದ್ದರೆ ಮನೆಯಲ್ಲೇ ಇರಿ, ಪರೀಕ್ಷೆ ಮಾಡಿಸಿಕೊಳ್ಳಿ’ ಎಂಬುದು ಎಲ್ಲ ಸಲಹೆಗಳಲ್ಲೂ ಮೊದಲು ಬರುವ, ವೈಜ್ಞಾನಿಕವಾಗಿ ನೂರಕ್ಕೆ ನೂರು ಸರಿಯಾದ ಮಾತು. ಸಂಬಳ ಸಹಿತ ರಜೆ ಇರುವ ನೌಕರರಿಗೆ ಅದನ್ನು ಪಾಲಿಸಲು ಏನೂ ಕಷ್ಟವಿಲ್ಲ. ಆದರೆ ಈ ದೇಶದಲ್ಲಿ ದುಡಿಯುವವರಲ್ಲಿ ಬಹುಪಾಲು ಮಂದಿ ಅಸಂಘಟಿತ ವಲಯದವರು. ಗಾರೆ ಕೆಲಸದವರಿಗೆ, ಮನೆಗೆಲಸದವರಿಗೆ, ತಳ್ಳುಗಾಡಿಯವರಿಗೆ ಬಾರದ ದಿನ ಎಂದರೆ ಕೂಲಿ ಇಲ್ಲದ ದಿನ. ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ಹದಿನಾಲ್ಕು ದಿನ ಮನೆ, ಬಾಗಿಲಿಗೆ ಅಂಟಿಸಿದ ಚೀಟಿ, ಬೀದಿಗೆ ಬಂದು ನಿಲ್ಲುವ ಆಂಬುಲೆನ್ಸ್, ಅದರ ಜೊತೆಗೆ ಬಾಡಿಗೆ ಮನೆ ಖಾಲಿ ಮಾಡಿಸುತ್ತಾರೋ ಎಂಬ ಭಯ. ಹೀಗಿರುವಾಗ ಎರಡು ಪ್ಯಾರಾಸಿಟಮಾಲ್ ನುಂಗಿ ಕೆಲಸಕ್ಕೆ ಹೊರಟವರನ್ನು ಉಡಾಫೆಯವರು ಎನ್ನುವುದು ಹೇಗೆ? ಅವರು ಎರಡು ಅಪಾಯಗಳನ್ನು ತೂಗಿ ನೋಡಿದ್ದರು. ಒಂದು ಬರಬಹುದಾದ ಅಪಾಯ, ಇನ್ನೊಂದು ಖಂಡಿತ ಬರುವ ಅಪಾಯ.

ಇದು ಕೊರೊನಾಕ್ಕೆ ಮಾತ್ರ ಸೀಮಿತವಾದ ಸಂಗತಿಯೂ ಅಲ್ಲ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆ ಇಂದಿಗೂ ಮಲೆನಾಡನ್ನು ಬಿಟ್ಟಿಲ್ಲ. ಉಣ್ಣೆಯ ಕಡಿತದಿಂದ ಹರಡುವ ಈ ಕಾಯಿಲೆ ಚಳಿಗಾಲದಿಂದ ಬೇಸಿಗೆಯವರೆಗೆ ಕಾಡುತ್ತದೆ. ಆರೋಗ್ಯ ಇಲಾಖೆಯ ಸಲಹೆ ಪ್ರತಿವರ್ಷ ಒಂದೇ: ಕಾಡಿಗೆ ಹೋಗಬೇಡಿ, ಹೋಗಲೇಬೇಕಾದರೆ ಉಣ್ಣೆ ಹತ್ತದಂತೆ ಮೈಗೆ ಡೆಪಾ ತೈಲ ಹಚ್ಚಿಕೊಳ್ಳಿ. ಆದರೆ ಕೊಟ್ಟಿಗೆಗೆ ತರಗೆಲೆ, ತೋಟಕ್ಕೆ ಸೊಪ್ಪು, ಒಲೆಗೆ ಸೌದೆ ಬೇಕಾಗುವುದೂ ಅದೇ ತಿಂಗಳುಗಳಲ್ಲಿ. ಮಂಗ ಸತ್ತರೆ ಏನರ್ಥ ಎಂಬುದು ಅಲ್ಲಿಯ ಜನರಿಗೆ ಯಾರಿಗಿಂತಲೂ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅವರು ಕಾಡಿಗೆ ಹೋಗುತ್ತಾರೆ, ಏಕೆಂದರೆ ‘ಹೋಗಬೇಡಿ’ ಎಂದವರು ಸೌದೆ ತಂದು ಕೊಡುವುದಿಲ್ಲ. ತೈಲದ ಬಾಟಲಿಯನ್ನು ಉಚಿತವಾಗಿ ಮನೆಗೆ ತಲುಪಿಸುವ ವ್ಯವಸ್ಥೆಯಲ್ಲಿ ಒಂದು ವಿವೇಕವಿದೆ. ಅದು ಜನರ ಬದುಕನ್ನು ಇದ್ದ ಹಾಗೆ ಒಪ್ಪಿಕೊಂಡು, ಆ ಬದುಕಿನೊಳಗೇ ಅಪಾಯವನ್ನು ತಗ್ಗಿಸುವ ದಾರಿ ಹುಡುಕುತ್ತದೆ.

ಇಲ್ಲೊಂದು ಅಹಿತಕರ ಸತ್ಯವನ್ನೂ ಹೇಳಬೇಕು. ಲಾಕ್‌ಡೌನ್ ದಿನಗಳಲ್ಲಿ ಅತ್ಯಂತ ಎಚ್ಚರಿಕೆಯಿಂದ ಬದುಕಿದ ಮನೆಗಳು ಹಾಗೆ ಬದುಕಲು ಸಾಧ್ಯವಾದದ್ದು ಬೇರೆ ಯಾರೋ ಎಚ್ಚರಿಕೆ ಬಿಟ್ಟು ಓಡಾಡಿದ್ದರಿಂದ. ಗೇಟಿನ ಬಳಿ ದಿನಸಿ ಇಟ್ಟುಹೋದ ಡೆಲಿವರಿ ಹುಡುಗ, ಮುಂಜಾನೆ ಕಸ ಒಯ್ದ ಪೌರಕಾರ್ಮಿಕರು, ಮನೆಮನೆ ಸುತ್ತಿ ಪಟ್ಟಿ ಮಾಡಿದ ಆಶಾ ಕಾರ್ಯಕರ್ತೆಯರು, ಇವರೆಲ್ಲ ಉಳಿದವರ ಪಾಲಿನ ಅಪಾಯವನ್ನೂ ಹೊತ್ತು ತಿರುಗಿದರು. ಅಪಾಯ ಆಗ ಮಾಯವಾಗಲಿಲ್ಲ, ಕೈ ಬದಲಾಯಿಸಿತು ಅಷ್ಟೆ. ಇದನ್ನು ಮರೆತು, ಮನೆಯೊಳಗೆ ಕುಳಿತವರು ಬೀದಿಯಲ್ಲಿದ್ದವರಿಗೆ ‘ಜನಕ್ಕೆ ಬುದ್ಧಿ ಇಲ್ಲ’ ಎಂದದ್ದು ಆ ಕಾಲದ ದೊಡ್ಡ ಅನ್ಯಾಯಗಳಲ್ಲಿ ಒಂದು.

ನನ್ನ ವಾದಕ್ಕೆ ಮೊದಲ ಆಕ್ಷೇಪ ಎದುರಿಗೇ ಇದೆ. ಖರ್ಚೇ ಕಾರಣವಾಗಿದ್ದರೆ, ದುಡ್ಡಿದ್ದವರೂ ಏಕೆ ಅಷ್ಟೊಂದು ಅಸಡ್ಡೆ ಮಾಡಿದರು? 2021ರ ಫೆಬ್ರುವರಿಯಲ್ಲಿ ದೇಶದ ದೈನಂದಿನ ಪ್ರಕರಣಗಳು ಹತ್ತು ಸಾವಿರದ ಆಸುಪಾಸಿಗೆ ಇಳಿದಾಗ ಕಲ್ಯಾಣ ಮಂಟಪಗಳು ತುಂಬಿ ತುಳುಕಿದ್ದು ಬಡವರಿಂದ ಮಾತ್ರವೇ? ನ್ಯಾಯವಾದ ಪ್ರಶ್ನೆ. ಉತ್ತರವೇನೆಂದರೆ, ಖರ್ಚು ಎಂದರೆ ಹಣವೊಂದೇ ಅಲ್ಲ. ಅಣ್ಣನ ಮಗಳ ಮದುವೆಗೆ ಹೋಗದಿದ್ದರೆ ಕಟ್ಟಬೇಕಾದ ದಂಡ ವರ್ಷಗಟ್ಟಲೆಯ ಮಾತು ಬಿಡುವಿಕೆ. ಸುತ್ತಲಿನವರೆಲ್ಲ ಬರಿಮುಖದಲ್ಲಿದ್ದಾಗ ಒಬ್ಬರೇ ಮಾಸ್ಕ್ ಹಾಕಿ ಕೂತರೆ ಅದು ಮನೆಯವರನ್ನು ಅನುಮಾನಿಸಿದಂತೆ. ಇಂಥ ಸಾಮಾಜಿಕ ಖರ್ಚನ್ನು ಇಳಿಸಬಲ್ಲವರು ಮುಂದಾಳುಗಳು, ಏಕೆಂದರೆ ದೊಡ್ಡವರು ಮಾಡಿ ತೋರಿಸಿದ್ದು ಉಳಿದವರಿಗೆ ಸುಲಭವಾಗುತ್ತದೆ. ನಮ್ಮಲ್ಲಿ ಆದದ್ದೇನು? 2021ರ ಏಪ್ರಿಲ್ 10ರಿಂದ ಬೀದರ್ ಸೇರಿದಂತೆ ರಾಜ್ಯದ ಕೆಲವು ನಗರಗಳಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಕರ್ಫ್ಯೂ ಜಾರಿಯಾಯಿತು. ಅದೇ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಏಪ್ರಿಲ್ 17ಕ್ಕೆ ಉಪಚುನಾವಣೆ ಇದ್ದುದರಿಂದ ಹಗಲಲ್ಲಿ ಪ್ರಚಾರ ನಡೆದೇ ಇತ್ತು. ಉಪಚುನಾವಣೆ ಇದ್ದ ಮಸ್ಕಿ, ಬೆಳಗಾವಿಯಲ್ಲೂ ಪ್ರಚಾರ ನಿಲ್ಲಲಿಲ್ಲ. ಹರಿದ್ವಾರದಲ್ಲಿ ಕುಂಭಮೇಳ, ಪಶ್ಚಿಮ ಬಂಗಾಳದಲ್ಲಿ ಬಹಿರಂಗ ಸಭೆಗಳು. ವೈರಸ್ ರಾತ್ರಿ ಮಾತ್ರ ಓಡಾಡುತ್ತದೆಯೇ ಎಂದು ಜನ ಗೇಲಿ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೇ ಮೊದಲ ವಾರದಲ್ಲಿ ದೇಶದ ದೈನಂದಿನ ಪ್ರಕರಣಗಳು ನಾಲ್ಕು ಲಕ್ಷ ದಾಟಿದವು, ಕರ್ನಾಟಕದಲ್ಲೇ ಒಂದೇ ದಿನ ಐವತ್ತು ಸಾವಿರ ಮೀರಿತು.

ಇನ್ನೊಂದು ಆಕ್ಷೇಪ ಮನುಷ್ಯ ಸ್ವಭಾವದ್ದು. ಕೆಲವರು ಹುಟ್ಟಾ ಧೈರ್ಯಸ್ಥರು, ಕೆಲವರು ಅಂಜುಕುಳಿಗಳು, ಇದರಲ್ಲಿ ಸರ್ಕಾರ ಮಾಡುವುದೇನಿದೆ ಎನ್ನುವವರಿದ್ದಾರೆ. ಸ್ವಭಾವದ ಪಾತ್ರ ಇಲ್ಲವೆಂದು ಯಾರೂ ಹೇಳಲಾರರು. ಆದರೆ ಅಪಾಯದ ಗ್ರಹಿಕೆಯನ್ನು ಅಧ್ಯಯನ ಮಾಡಿದವರು ಕಂಡುಕೊಂಡದ್ದು ಇಷ್ಟು ಸರಳವಾಗಿಲ್ಲ. ಅಮೆರಿಕದ ಎಂಜಿನಿಯರ್ ಚಾನ್ಸಿ ಸ್ಟಾರ್ 1969ರಲ್ಲೇ, ಜನ ತಾವಾಗಿ ಆರಿಸಿಕೊಂಡ ಅಪಾಯವನ್ನು ತಮ್ಮ ಮೇಲೆ ಹೇರಿದ ಅಪಾಯಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಸಹಿಸುತ್ತಾರೆ ಎಂದು ಅಂದಾಜು ಮಾಡಿದ್ದರು. ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ 1987ರಲ್ಲಿ ಬರೆದಂತೆ, ತಜ್ಞರು ಸಾವಿನ ಸಂಖ್ಯೆ ಎಣಿಸುತ್ತಾರೆ, ಸಾಮಾನ್ಯರು ಆ ಅಪಾಯ ಎಷ್ಟು ಭೀಕರ, ಎಷ್ಟು ಅಪರಿಚಿತ, ತಮ್ಮ ಹಿಡಿತದಲ್ಲಿ ಎಷ್ಟಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಹಾಗಾಗಿಯೇ 2020ರ ಏಪ್ರಿಲ್‌ನಲ್ಲಿ ಪ್ರಕರಣಗಳು ಇನ್ನೂ ಕಡಿಮೆ ಇದ್ದಾಗ ಹಾಲಿನ ಪ್ಯಾಕೆಟ್ಟನ್ನೂ ಸೋಪು ಹಾಕಿ ತೊಳೆದ ಮನೆಗಳು, ಸೋಂಕು ನಿಜವಾಗಿ ಊರೆಲ್ಲ ಹಬ್ಬಿದಾಗ ಕೈ ತೊಳೆಯುವುದನ್ನೂ ಬಿಟ್ಟವು. ಆಗ ಅದು ಅಪರಿಚಿತ, ಈಗ ಪರಿಚಿತ. ಅಂದರೆ ಒಬ್ಬನೇ ವ್ಯಕ್ತಿ ಒಂದು ವರ್ಷದೊಳಗೆ ಅಂಜುಕುಳಿಯೂ ಆಗಿದ್ದ, ಹುಂಬನೂ ಆಗಿದ್ದ. ಇಷ್ಟು ಬೇಗ ಬದಲಾಗುವುದನ್ನು ಹುಟ್ಟುಗುಣ ಎನ್ನಲಾಗದು.

ಈ ಬದಲಾವಣೆಯಲ್ಲಿ ಅಧಿಕೃತ ಸಲಹೆಗಳ ಪಾಲೂ ಕಡಿಮೆಯಲ್ಲ. ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕಾಯಿಲೆಯವರಿಗೆ ಮತ್ತು ಅವರ ಆರೈಕೆ ಮಾಡುವವರಿಗೆ ಮಾತ್ರ ಮಾಸ್ಕ್ ಸಾಕು ಎಂದಿತ್ತು. ಜನಸಾಮಾನ್ಯರೂ ಬಟ್ಟೆಯ ಮಾಸ್ಕ್ ಹಾಕಲಿ ಎಂದು ಅದು ಹೇಳಿದ್ದು 2020ರ ಜೂನ್‌ನಲ್ಲಿ. ಆ ವರ್ಷದ ಮಾರ್ಚ್ ಕೊನೆಯಲ್ಲಿ, ಕೋವಿಡ್ ಗಾಳಿಯಲ್ಲಿ ಹರಡುವುದಿಲ್ಲ ಎಂದು ಖಚಿತ ದನಿಯಲ್ಲಿ ಪ್ರಚಾರ ಮಾಡಿತು. ಜುಲೈನಲ್ಲಿ 239 ವಿಜ್ಞಾನಿಗಳು ಒಟ್ಟಾಗಿ ಪತ್ರ ಬರೆದು, ಗಾಳಿಯ ಮೂಲಕ ಹರಡುವುದನ್ನು ಗಂಭೀರವಾಗಿ ಪರಿಗಣಿಸಿ ಎಂದು ಒತ್ತಾಯಿಸಬೇಕಾಯಿತು. ಭಾರತ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯು, ಸೂಕ್ಷ್ಮ ಕಣಗಳು ಗಾಳಿಯಲ್ಲಿ ಹತ್ತು ಮೀಟರ್‌ವರೆಗೂ ಸಾಗಬಲ್ಲವು, ಕಿಟಕಿ ಬಾಗಿಲು ತೆರೆದಿಡಿ ಎಂದು ಸ್ಪಷ್ಟವಾಗಿ ಹೇಳಿದ್ದು 2021ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಎರಡನೇ ಅಲೆ ಊರು ಕೇರಿಗಳನ್ನು ಬಡಿದಾಗಿತ್ತು. ವಿಜ್ಞಾನ ತನ್ನ ಅಭಿಪ್ರಾಯ ತಿದ್ದಿಕೊಳ್ಳುವುದು ದೋಷವಲ್ಲ, ಅದು ಅದರ ಶಕ್ತಿ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬಂತೆ ಹೇಳಿದ್ದು ದೋಷ. ಸಲಹೆ ಬದಲಾದಾಗಲೆಲ್ಲ, ಇವರಿಗೇ ಗೊತ್ತಿಲ್ಲ ಎಂಬ ಅಪನಂಬಿಕೆ ಒಂದು ಪದರ ದಪ್ಪವಾಯಿತು.

ಗಾಳಿಯ ಮಾತು ತಡವಾಗಿ ಬಂದದ್ದರ ಪರಿಣಾಮವಾಗಿ ನಮ್ಮ ಶ್ರಮವೆಲ್ಲ ಕಣ್ಣಿಗೆ ಕಾಣುವ ಎಚ್ಚರಿಕೆಗಳ ಮೇಲೆ ಸುರಿದುಹೋಯಿತು. ಅಂಗಡಿ ಬಾಗಿಲಲ್ಲಿ ಹಣೆಗೆ ಹಿಡಿಯುವ ಥರ್ಮಲ್ ಗನ್, ರಸ್ತೆಗೆ ಔಷಧಿ ಸಿಂಪಡಿಸುವ ಟ್ಯಾಂಕರ್, ಜನರನ್ನೇ ತೋಯಿಸುವ ಸ್ಯಾನಿಟೈಜರ್ ಸುರಂಗ. 2020ರ ಮಾರ್ಚ್‌ನಲ್ಲಿ ಉತ್ತರಪ್ರದೇಶದ ಬರೇಲಿಯಲ್ಲಿ ಊರಿಗೆ ಮರಳಿದ ವಲಸೆ ಕಾರ್ಮಿಕರನ್ನು ರಸ್ತೆಯಲ್ಲಿ ಕೂರಿಸಿ ರಾಸಾಯನಿಕ ಸಿಂಪಡಿಸಲಾಯಿತು. ಮನುಷ್ಯರ ಮೇಲೆ ಹೀಗೆ ಸಿಂಪಡಿಸುವುದು ಹಾನಿಕರ ಎಂದು ಆರೋಗ್ಯ ಸಚಿವಾಲಯವೇ ಏಪ್ರಿಲ್‌ನಲ್ಲಿ ಹೇಳಬೇಕಾಯಿತು. ಇತ್ತ ಕಿಟಕಿ ಮುಚ್ಚಿದ ಎ.ಸಿ. ಸಭಾಂಗಣದಲ್ಲಿ ನೂರು ಜನ ಕುಳಿತರೂ, ಬಾಗಿಲಲ್ಲಿ ಕೈಗೆ ನಾಲ್ಕು ಹನಿ ಸ್ಯಾನಿಟೈಜರ್ ಹಾಕಿದ್ದರಿಂದ ಎಲ್ಲರಿಗೂ ಸಮಾಧಾನ. ಕಿಟಕಿ ತೆರೆಯುವುದಕ್ಕೆ ದುಡ್ಡು ಬೇಕಿರಲಿಲ್ಲ. ಅದನ್ನು ಸರಿಯಾದ ಹೊತ್ತಿಗೆ ಹೇಳುವವರಿರಲಿಲ್ಲ.

‘ಇದೆಲ್ಲ ಸರಿ, ಆದರೆ ನಮ್ಮ ಜನ ದಂಡಕ್ಕೆ ಮಾತ್ರ ಬಗ್ಗುತ್ತಾರೆ’ ಎನ್ನುವುದು ಅಧಿಕಾರಿಗಳಿಂದ ಹಿಡಿದು ನೆರೆಮನೆಯವರವರೆಗೆ ಎಲ್ಲರ ಬಾಯಲ್ಲೂ ಕೇಳುವ ಮಾತು. 2020ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಮಾಸ್ಕ್ ಹಾಕದವರ ದಂಡವನ್ನು ನಗರಗಳಲ್ಲಿ 1,000 ರೂಪಾಯಿಗೆ, ಉಳಿದೆಡೆ 500ಕ್ಕೆ ಏರಿಸಿತು. ಜನರ ಆಕ್ರೋಶಕ್ಕೆ ಮಣಿದು ಕೆಲವೇ ದಿನಗಳಲ್ಲಿ 250 ಮತ್ತು 100ಕ್ಕೆ ಇಳಿಸಿತು. ದಂಡದಿಂದ ಏನು ಸಿಗುತ್ತದೆ ಎಂಬುದನ್ನು ದ್ವಿಚಕ್ರ ವಾಹನ ಸವಾರರ ತಲೆ ನೋಡಿದರೆ ತಿಳಿಯುತ್ತದೆ. ಪೊಲೀಸರಿಗಾಗಿ ಹಾಕಿದ ಹೆಲ್ಮೆಟ್ ಅರ್ಧ ಚಿಪ್ಪಿನಷ್ಟಿರುತ್ತದೆ, ಅದರ ಪಟ್ಟಿ ಗಲ್ಲದ ಕೆಳಗೆ ನೇತಾಡುತ್ತಿರುತ್ತದೆ. ಮಾಸ್ಕ್ ಕೂಡ ಹಾಗೆಯೇ ಆಯಿತು. ದಂಡ ಹಾಕುವ ಮಾರ್ಷಲ್ ಕಂಡಾಗ ಮೂಗಿಗೆ ಏರಿತು, ಅವರು ದಾಟಿದ ಮೇಲೆ ಗಲ್ಲಕ್ಕೆ ಇಳಿಯಿತು. ಎಚ್ಚರಿಕೆಯ ಉದ್ದೇಶ ಸೋಂಕು ತಪ್ಪಿಸುವುದರಿಂದ ದಂಡ ತಪ್ಪಿಸುವುದಕ್ಕೆ ಜಾರಿತು.

ಬೇರೆ ದಾರಿಯೂ ಇತ್ತು ಎಂಬುದಕ್ಕೆ ಪಕ್ಕದ ಬಾಂಗ್ಲಾದೇಶದಲ್ಲೇ ಪುರಾವೆ ಇದೆ. 2020ರ ನವೆಂಬರ್‌ನಿಂದ 2021ರ ಏಪ್ರಿಲ್‌ವರೆಗೆ ಅಲ್ಲಿಯ 600 ಹಳ್ಳಿಗಳಲ್ಲಿ, ಮೂರು ಲಕ್ಷಕ್ಕೂ ಹೆಚ್ಚು ವಯಸ್ಕರನ್ನು ಒಳಗೊಂಡ ಪ್ರಯೋಗವೊಂದು ನಡೆಯಿತು. ಅರ್ಧದಷ್ಟು ಹಳ್ಳಿಗಳಲ್ಲಿ ಮನೆಬಾಗಿಲಿಗೆ ಉಚಿತ ಮಾಸ್ಕ್ ಕೊಟ್ಟು, ಸಂತೆ, ಮಸೀದಿಗಳ ಬಳಿ ನಿಂತು ಜನರಿಗೆ ಮೃದುವಾಗಿ ನೆನಪಿಸಿ, ಊರ ಹಿರಿಯರು ಮತ್ತು ಇಮಾಮರು ತಾವೇ ಹಾಕಿ ತೋರಿಸುವಂತೆ ಮಾಡಲಾಯಿತು. ಮಾಸ್ಕ್ ಧರಿಸುವವರ ಪ್ರಮಾಣ ಶೇ 13ರಿಂದ ಶೇ 42ಕ್ಕೆ ಏರಿತು. ದಂಡದ ಒಂದು ರಸೀದಿಯನ್ನೂ ಹರಿಯಬೇಕಾಗಲಿಲ್ಲ. ಮೊಬೈಲ್ ಸಂದೇಶಗಳಿಂದ ಹೆಚ್ಚೇನೂ ಪ್ರಯೋಜನವಾಗಲಿಲ್ಲ ಎಂಬುದೂ ಅದೇ ಪ್ರಯೋಗದಲ್ಲಿ ತಿಳಿಯಿತು. ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ ಲಕ್ಷಣ ಸಹಿತ ಸೋಂಕು ಶೇ 11ರಷ್ಟು ಕಡಿಮೆಯಾಯಿತು, ಅರುವತ್ತು ದಾಟಿದವರಲ್ಲಿ ಶೇ 35ರಷ್ಟು. ಬಟ್ಟೆ ಮಾಸ್ಕಿನ ಲಾಭ ಸ್ಪಷ್ಟವಾಗಲಿಲ್ಲ, ಒಟ್ಟು ಪರಿಣಾಮ ಸಣ್ಣದು ಎಂದು ಟೀಕಿಸಿದ ವಿದ್ವಾಂಸರೂ ಇದ್ದಾರೆ. ಮಾಸ್ಕ್ ಪವಾಡವಲ್ಲ ಎಂಬ ಅವರ ಮಾತು ಸರಿ. ಆದರೆ ಜನರ ನಡವಳಿಕೆ ಬದಲಾಗುವುದು ಹೇಗೆ ಎಂಬ ಪ್ರಶ್ನೆಗೆ ಆ ಪ್ರಯೋಗ ಕೊಟ್ಟ ಉತ್ತರದಲ್ಲಿ ಅನುಮಾನವಿಲ್ಲ. ಎಚ್ಚರಿಕೆಯನ್ನು ಪುಕ್ಕಟೆ ಮಾಡಿ, ಊರವರ ಮುಖಾಂತರ ಮಾಡಿಸಿ, ಮುಂದೆ ನಿಂತವರು ಮೊದಲು ಪಾಲಿಸಲಿ.

ಒತ್ತಾಯದ ದಾರಿ ಎಲ್ಲಿಗೆ ಒಯ್ಯುತ್ತದೆ ಎಂಬುದು ನಮಗೆ ಹಳೆಯ ಪಾಠ. 1897ರಲ್ಲಿ ಪುಣೆಯ ಪ್ಲೇಗ್ ನಿಯಂತ್ರಣದ ಹೆಸರಿನಲ್ಲಿ ಸೈನಿಕರು ಮನೆಗಳಿಗೆ ನುಗ್ಗಿದ್ದು ಅಧಿಕಾರಿ ರ‍್ಯಾಂಡ್ ಹತ್ಯೆಯವರೆಗೆ ಬೆಳೆಯಿತು. ಅದೇ ವರ್ಷ ಬ್ರಿಟಿಷರು ತಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ ನಾವು 2020ರಲ್ಲೂ ಬಳಸಿದೆವು. ಕರ್ನಾಟಕದಲ್ಲಿ ಕ್ವಾರಂಟೈನ್‌ನಲ್ಲಿದ್ದವರು ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕಿತ್ತು. ಜುಲೈನಲ್ಲಿ ಬೆಂಗಳೂರಿನಲ್ಲಿ ಮನೆಯೊಳಗೆ ಮಕ್ಕಳಿರುವಾಗಲೇ ಫ್ಲ್ಯಾಟಿನ ಬಾಗಿಲಿಗೆ ತಗಡಿನ ಶೀಟು ಬಡಿದ ಚಿತ್ರ ಎಲ್ಲೆಡೆ ಹರಿದಾಡಿ, ಪಾಲಿಕೆ ಕ್ಷಮೆ ಕೇಳಿ ಅದನ್ನು ತೆಗೆಸಬೇಕಾಯಿತು. ಹೀಗೆ ನಡೆಸಿಕೊಂಡರೆ ಜನ ರೋಗಕ್ಕಿಂತ ಪರೀಕ್ಷೆಗೆ ಹೆದರುತ್ತಾರೆ, ಪರೀಕ್ಷೆಗೆ ಹೆದರಿದವರು ಕಾಯಿಲೆಯನ್ನು ಮುಚ್ಚಿಡುತ್ತಾರೆ.

ಹಾಗಾದರೆ ಎಲ್ಲವನ್ನೂ ಅವರವರ ಇಷ್ಟಕ್ಕೆ ಬಿಡಬೇಕೇ? ‘ನನ್ನ ಜೀವ, ನನ್ನ ಇಷ್ಟ’ ಎಂಬ ವಾದಕ್ಕೆ ಸಾಂಕ್ರಾಮಿಕದಲ್ಲಿ ಜಾಗ ಕಡಿಮೆ. ಹೆಲ್ಮೆಟ್ ಇಲ್ಲದ ಸವಾರನ ತಲೆಗೆ ಅವನೇ ಹೊಣೆ ಎನ್ನಬಹುದೇನೋ, ಆದರೆ ಸೋಂಕು ಹೊತ್ತ ಯುವಕನ ಅಸಡ್ಡೆಯ ಬೆಲೆಯನ್ನು ಕಟ್ಟುವವರು ಅವನ ಮನೆಯ ಅಜ್ಜ ಅಜ್ಜಿ. ಎಂಬತ್ತು ದಾಟಿದವರಿಗೆ ಕೋವಿಡ್‌ನಿಂದ ಸಾವಿನ ಅಪಾಯ ಇಪ್ಪತ್ತರ ಹರೆಯದವರಿಗಿಂತ ನೂರಾರು ಪಟ್ಟು ಹೆಚ್ಚಿತ್ತು. ಮೂರು ತಲೆಮಾರು ಒಂದೇ ಸೂರಿನಡಿ ಬದುಕುವ ನಮ್ಮಲ್ಲಿ ಅಪಾಯವನ್ನು ವೈಯಕ್ತಿಕ ಆಯ್ಕೆ ಎನ್ನುವುದು ಅರ್ಧ ಸತ್ಯವೂ ಅಲ್ಲ. ಆದ್ದರಿಂದ ಕರ್ತವ್ಯ ಎಲ್ಲರದೂ ಹೌದು. ಆದರೆ ಕರ್ತವ್ಯ ಕೇಳುವ ಸಮಾಜ ಅದನ್ನು ನಿರ್ವಹಿಸುವ ಅನುಕೂಲವನ್ನೂ ಕೊಡಬೇಕು.

ಮತ್ತೊಂದು ತುದಿಯ ಆಕ್ಷೇಪವೂ ಅಷ್ಟೇ ಗಂಭೀರವಾದದ್ದು: ಅತಿ ಎಚ್ಚರಿಕೆಯೇ ಹಾನಿ ಮಾಡಿತಲ್ಲ? ಮಾಡಿತು. ರಾಜ್ಯದಲ್ಲಿ ಮದ್ಯದಂಗಡಿಗಳು 2020ರ ಮೇ 4ರಂದು ತೆರೆದವು. ಒಂದರಿಂದ ಐದನೇ ತರಗತಿಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ ಅರಳಿಕಟ್ಟೆ, ದೇವಸ್ಥಾನದ ಅಂಗಳಗಳಲ್ಲಿ ಬಯಲು ಗಾಳಿಯಲ್ಲಿ ನಡೆದ ವಿದ್ಯಾಗಮ ಯೋಜನೆಯ ಪಾಠವನ್ನೂ 2020ರ ಅಕ್ಟೋಬರ್‌ನಲ್ಲಿ ತಡೆಹಿಡಿಯಲಾಯಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳ 16,000ಕ್ಕೂ ಹೆಚ್ಚು ಮಕ್ಕಳನ್ನು 2021ರ ಜನವರಿಯಲ್ಲಿ ಪರೀಕ್ಷಿಸಿದಾಗ, ಶೇ 92ರಷ್ಟು ಮಕ್ಕಳು ಹಿಂದಿನ ವರ್ಷ ಕಲಿತಿದ್ದ ಭಾಷಾ ಕೌಶಲಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರು, ಗಣಿತದಲ್ಲಿ ಶೇ 82ರಷ್ಟು. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ. ಇದು ನನ್ನ ವಾದವನ್ನು ಅಲುಗಿಸುವುದಿಲ್ಲ, ಗಟ್ಟಿ ಮಾಡುತ್ತದೆ. ಎಚ್ಚರಿಕೆಗೆ ಖರ್ಚೇ ಇಲ್ಲ ಎಂದುಕೊಂಡಿದ್ದರಿಂದಲೇ ಅದನ್ನು ಮಕ್ಕಳ ತಲೆಯ ಮೇಲೆ, ಅದರಲ್ಲೂ ಸ್ಮಾರ್ಟ್‌ಫೋನ್ ಇಲ್ಲದ ಮನೆಯ ಮಕ್ಕಳ ತಲೆಯ ಮೇಲೆ ಅಷ್ಟು ಸುಲಭವಾಗಿ ಹೇರಲಾಯಿತು. ಲೆಕ್ಕ ಬರೆದಿದ್ದರೆ ಯಾವುದನ್ನು ಮೊದಲು ತೆರೆಯಬೇಕು, ಯಾವುದನ್ನು ಕೊನೆಗೆ ಎಂಬುದು ತಾನಾಗಿ ತಿಳಿಯುತ್ತಿತ್ತು.

ಮುಂದಿನ ಸಲಕ್ಕೆ ಮಾಡಬೇಕಾದದ್ದು ದೊಡ್ಡ ರಹಸ್ಯವೇನಲ್ಲ. 2020ರ ಮೇನಲ್ಲಿ ರಾಜ್ಯ ಸರ್ಕಾರ ಕ್ಷೌರಿಕರು, ಮಡಿವಾಳರು, ಆಟೊ ಚಾಲಕರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತ್ತು. ಅದು ಲಾಕ್‌ಡೌನ್‌ಗೆ ಕೊಟ್ಟ ಪರಿಹಾರ. ಕಾಯಿಲೆಯಾಗಿ ಮನೆಯಲ್ಲಿ ಉಳಿದವರಿಗೆ ಅಷ್ಟು ದಿನದ ಕೂಲಿ ಕೊಡುವ ನಿಯಮ ಮೊದಲೇ ಸಿದ್ಧವಿದ್ದರೆ ಇಡೀ ಊರಿಗೆ ಬೀಗ ಹಾಕುವ ಅಗತ್ಯವೇ ಕಡಿಮೆಯಾಗುತ್ತದೆ. ಒಳ್ಳೆಯ ಮಾಸ್ಕನ್ನು ಪಡಿತರದಂತೆ ಹಂಚಬಹುದು, ಆಶಾ ಕಾರ್ಯಕರ್ತೆಯರಿಗೆ ಆ ಕೆಲಸಕ್ಕೆ ಸರಿಯಾದ ಸಂಭಾವನೆ ಕೊಟ್ಟು. ಶಾಲೆ, ಬಸ್ಸು, ಗಾರ್ಮೆಂಟ್ಸ್ ಕಾರ್ಖಾನೆ, ಕಲ್ಯಾಣ ಮಂಟಪಗಳಿಗೆ ಪರವಾನಗಿ ಕೊಡುವಾಗ ಬೆಂಕಿಯ ಸುರಕ್ಷತೆಯಂತೆ ಗಾಳಿಯ ಓಡಾಟವನ್ನೂ ನೋಡಬಹುದು. 1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಅಗಲ ರಸ್ತೆ, ಗಾಳಿ ಬೆಳಕಿನ ಮನೆಗಳೊಂದಿಗೆ ಬೆಳೆದದ್ದು ಇದೇ ತಿಳಿವಿನಿಂದ. ನಿವೇಶನ ಕೊಳ್ಳಲಾಗದವರಿಗೆ ಆ ಗಾಳಿ ಸಿಗಲಿಲ್ಲ ಎಂಬುದು ಅಂದಿನ ಕೊರತೆ, ಅದನ್ನು ಸರಿಪಡಿಸುವುದು ಇಂದಿನ ಕೆಲಸ.

ನಾಗರಿಕರಾಗಿ ನಮ್ಮ ಪಾಲಿಗೂ ಒಂದು ಕೆಲಸವಿದೆ. ಮಾಸ್ಕ್ ಹಾಕಿದವರನ್ನು ಪುಕ್ಕಲರೆಂದು ಗೇಲಿ ಮಾಡುವ ಮುನ್ನ, ಅವರ ಮನೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರೋ ಕೀಮೋ ಪಡೆಯುತ್ತಿರುವವರೋ ಇರಬಹುದು ಎಂದು ಯೋಚಿಸಬೇಕು. ಹಾಕದವರನ್ನು ಹೀಯಾಳಿಸುವ ಮುನ್ನ, ಅವರಿಗೆ ಮನೆಯಲ್ಲಿ ಉಳಿಯುವ ಅನುಕೂಲ ಇತ್ತೇ ಎಂದು ಕೇಳಿಕೊಳ್ಳಬೇಕು. ಅನುಕೂಲ ಇದ್ದೂ ಅಸಡ್ಡೆ ಮಾಡಿದವರು, ಅದರಲ್ಲೂ ಅಧಿಕಾರದಲ್ಲಿದ್ದವರು, ನಮ್ಮ ಕೋಪಕ್ಕೆ ಅರ್ಹರು. ಅನುಕೂಲವೇ ಇಲ್ಲದವರಿಗೆ ಉಪದೇಶ ಬೇಕಿಲ್ಲ, ಒಂದು ವಾರದ ಕೂಲಿ ಬೇಕು. ಅದನ್ನು ಕೊಡಲು ಸಿದ್ಧವಿಲ್ಲದ ಸರ್ಕಾರಕ್ಕೆ ‘ಜನ ಸಹಕರಿಸಲಿಲ್ಲ’ ಎಂದು ದೂರುವ ಹಕ್ಕಿಲ್ಲ.